ಒಂದು ಡಾಲರ್ ಕೊಡಿ, ಇಪ್ಪತ್ತು ಡಾಲರ್ ತಗೊಳ್ಳಿ: ಡಗ್ ಬರ್ಗಮ್ ರಾಜಕೀಯದ ಲೆಕ್ಕ

2023ರ ಜುಲೈನಲ್ಲಿ ಅಮೆರಿಕದ ಜನರಿಗೆ ಒಂದು ವಿಚಿತ್ರ ಆಫರ್ ಸಿಕ್ಕಿತು. ಅಧ್ಯಕ್ಷ ಪದವಿಗೆ ನಿಂತಿದ್ದ ಒಬ್ಬ ಅಭ್ಯರ್ಥಿಗೆ 1 ಡಾಲರ್ ದೇಣಿಗೆ ಕೊಟ್ಟರೆ ಸಾಕು, ಅವರ ಕಡೆಯಿಂದ 20 ಡಾಲರಿನ ಗಿಫ್ಟ್ ಕಾರ್ಡ್ ಬರುತ್ತಿತ್ತು. ಅಭ್ಯರ್ಥಿಯ ಹೆಸರು ಡಗ್ ಬರ್ಗಮ್. ನಾರ್ತ್ ಡಕೋಟಾ ರಾಜ್ಯದ ಗವರ್ನರ್. ರಿಪಬ್ಲಿಕನ್ ಪಕ್ಷದ ಮೊದಲ ಟಿವಿ ಚರ್ಚೆಯ ವೇದಿಕೆ ಹತ್ತಬೇಕಾದರೆ ಕಡಿಮೆ ಅಂದರೂ 40,000 ದಾನಿಗಳು ಬೇಕು ಅಂತ ಪಕ್ಷ ನಿಯಮ ಮಾಡಿತ್ತು. ಬರ್ಗಮ್ ಹತ್ತಿರ ದುಡ್ಡಿತ್ತು, ದಾನಿಗಳಿರಲಿಲ್ಲ. ಸರಿ, ದುಡ್ಡು ಕೊಟ್ಟು ದಾನಿಗಳನ್ನೇ ಕೊಂಡರು.

ಓಟಿಗೆ ನೋಟು ಹಂಚುವುದನ್ನು ನೋಡುತ್ತಲೇ ಬೆಳೆದ ನಮಗೆ ಇದರಲ್ಲಿ ಏನು ವಿಶೇಷ ಅನಿಸಬಹುದು. ಆದರೆ ಇದು ಓಟಿನ ವ್ಯಾಪಾರ ಅಲ್ಲ. ಕಂಪನಿಗಳಲ್ಲಿ ಒಂದು ಲೆಕ್ಕ ಇರುತ್ತದೆ: ಒಬ್ಬ ಹೊಸ ಗ್ರಾಹಕನನ್ನು ಹಿಡಿಯೋದಕ್ಕೆ ಎಷ್ಟು ಖರ್ಚಾಯಿತು ಅಂತ. ಇಲ್ಲಿ ತಲೆಗೆ 19 ಡಾಲರ್. 40,000 ಜನರಿಗೆ 7 ಲಕ್ಷದ 60 ಸಾವಿರ ಡಾಲರ್. ಟಿವಿ ಜಾಹೀರಾತಿನ ದರ ಗೊತ್ತಿರುವವರಿಗೆ ಇದು ಚೀಪ್ ರೇಟು. ಹೊಸ ಆ್ಯಪ್ ಹಾಕಿಕೊಂಡರೆ ಮೊದಲ ಆರ್ಡರ್‌ಗೆ ಕ್ಯಾಶ್‌ಬ್ಯಾಕ್ ಕೊಡ್ತಾರಲ್ವಾ, ಅದೇ ಬುದ್ಧಿ.

ಬರ್ಗಮ್ ಅವರ ಇಡೀ ಬದುಕನ್ನು ಈ ಒಂದು ಕಾರ್ಡಿನಿಂದ ಓದಬಹುದು ಅಂತ ನನಗನಿಸುತ್ತದೆ. ಅವರನ್ನು ಹೊಗಳುವವರು ‘ರಾಜ್ಯವನ್ನು ಕಂಪನಿಯ ಹಾಗೆ ನಡೆಸಿದವರು’ ಅನ್ನುತ್ತಾರೆ. ತೆಗಳುವವರು ‘ದುಡ್ಡಿನಿಂದ ಕುರ್ಚಿ ಕೊಂಡವರು’ ಅನ್ನುತ್ತಾರೆ. ಎರಡೂ ಅರ್ಧರ್ಧ ನಿಜ. ಅವರು ಮೊದಲಿನಿಂದ ಕೊನೆತನಕ ಬಿಡದೆ ಮಾಡಿದ್ದು ಒಂದೇ ಕೆಲಸ. ಎದುರಿಗಿರುವ ಗ್ರಾಹಕ ಯಾರು, ಅವನಿಗೆ ಏನು ಬೇಕು ಅಂತ ನೋಡಿ ಅದನ್ನು ಕೊಡುವುದು. ತೊಂದರೆ ಏನೆಂದರೆ, ರಾಜಕೀಯದಲ್ಲಿ ಮೇಲೇರಿದ ಹಾಗೆ ಗ್ರಾಹಕ ಬದಲಾಗುತ್ತಾ ಹೋಗುತ್ತಾನೆ.

ಮೊದಲು ಊರಿನ ಕಥೆ. ನಾರ್ತ್ ಡಕೋಟಾ ಕೆನಡಾ ಗಡಿಗೆ ಅಂಟಿಕೊಂಡಿರುವ ರಾಜ್ಯ. ವಿಸ್ತೀರ್ಣದಲ್ಲಿ ಹೆಚ್ಚೂಕಮ್ಮಿ ನಮ್ಮ ಕರ್ನಾಟಕದಷ್ಟು. ಜನಸಂಖ್ಯೆ 2020ರ ಗಣತಿಯಲ್ಲಿ 7 ಲಕ್ಷದ 79 ಸಾವಿರ. ಅಂದರೆ ನಮ್ಮ ಮೈಸೂರು ನಗರದಲ್ಲಿರುವಷ್ಟು ಜನರೂ ಇಡೀ ರಾಜ್ಯದಲ್ಲಿಲ್ಲ. ಗೋಧಿ, ಸೋಯಾ, ಸೂರ್ಯಕಾಂತಿ ಬೆಳೆಯುತ್ತಾರೆ. ಪಶ್ಚಿಮದ ಬಾಕೆನ್ ಪ್ರದೇಶದಲ್ಲಿ ನೆಲದಡಿ ಎಣ್ಣೆ ಇದೆ, ದಿನಕ್ಕೆ 10 ಲಕ್ಷ ಬ್ಯಾರೆಲ್‌ಗೂ ಜಾಸ್ತಿ ತೆಗೆಯುತ್ತಾರೆ. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋಗುವುದು ಅಲ್ಲಿ ಸುದ್ದಿಯೇ ಅಲ್ಲ.

ಈ ರಾಜ್ಯದ ಆರ್ಥರ್ ಅನ್ನುವ ಮುನ್ನೂರು ಚಿಲ್ಲರೆ ಜನರ ಊರಲ್ಲಿ 1956ರ ಆಗಸ್ಟ್ 1ರಂದು ಬರ್ಗಮ್ ಹುಟ್ಟಿದರು. ಅವರ ಅಜ್ಜ 1906ರಲ್ಲಿ ಅಲ್ಲಿ ಗ್ರೇನ್ ಎಲಿವೇಟರ್ ಶುರು ಮಾಡಿದ್ದರು. ಎಲಿವೇಟರ್ ಅಂದರೆ ಲಿಫ್ಟ್ ಅಲ್ಲ. ರೈಲು ಹಳಿಯ ಪಕ್ಕ ಎತ್ತರಕ್ಕೆ ನಿಂತಿರುವ ಧಾನ್ಯದ ಉಗ್ರಾಣ. ಸುತ್ತಲಿನ ರೈತರು ಕಾಳು ತಂದು ತೂಕ ಹಾಕಿಸುತ್ತಾರೆ, ಮಾರುತ್ತಾರೆ, ಇಲ್ಲವೇ ಬೆಲೆ ಬರಲಿ ಅಂತ ಅಲ್ಲೇ ಇಟ್ಟು ಹೋಗುತ್ತಾರೆ. ನಮ್ಮ ಎಪಿಎಂಸಿ ಮಂಡಿ, ಗೋದಾಮು ಎರಡನ್ನೂ ಸೇರಿಸಿ ಮೇಲಕ್ಕೆ ಎಳೆದ ಹಾಗೆ. ಅಲ್ಲಿ ವ್ಯಾಪಾರ ನಡೆಯುವುದು ತಕ್ಕಡಿಯ ಮೇಲಿನ ನಂಬಿಕೆಯಿಂದ. ಬರ್ಗಮ್ ಹೈಸ್ಕೂಲಿಗೆ ಸೇರಿದ ವರ್ಷವೇ ಅವರ ತಂದೆ ತೀರಿಕೊಂಡರು.

ಕಾಲೇಜಿನಲ್ಲಿದ್ದಾಗ ಹುಡುಗ ಚಿಮಣಿ ಗುಡಿಸುವ ಬಿಸಿನೆಸ್ ಮಾಡಿದ. ಫಾರ್ಗೊ ನಗರದ ಚಳಿಯಲ್ಲಿ ಹಿಮ ಕಟ್ಟಿದ ಚಿಮಣಿಯ ಮೇಲೆ ಕೂತಿದ್ದ ಅವರ ಫೋಟೊ ಪತ್ರಿಕೆಯಲ್ಲಿ ಬಂತು. ಸುದ್ದಿಸಂಸ್ಥೆಯೊಂದು ಅದನ್ನು ದೇಶವೆಲ್ಲಾ ಹಂಚಿತು. ನಾರ್ತ್ ಡಕೋಟಾದಿಂದ ಒಬ್ಬ ಚಿಮಣಿ ಗುಡಿಸುವವನು ಅರ್ಜಿ ಹಾಕಿದ್ದಾನಂತೆ ಅಂತ ಸ್ಟ್ಯಾನ್‌ಫರ್ಡ್‌ನ ಪ್ರವೇಶ ವಿಭಾಗದಲ್ಲಿ ಮಾತಾಯಿತಂತೆ. ಈ ಕಥೆಯನ್ನು ಬರ್ಗಮ್ ಅವರೇ ಖುಷಿಯಿಂದ ಹೇಳಿಕೊಂಡಿದ್ದಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಸಿಕ್ಕ ಸಹಪಾಠಿ ಸ್ಟೀವ್ ಬಾಲ್ಮರ್. ಬಾಲ್ಮರ್ ಓದು ಅರ್ಧಕ್ಕೆ ಬಿಟ್ಟು ಮೈಕ್ರೋಸಾಫ್ಟ್ ಸೇರಿದರು. ಬರ್ಗಮ್ 1980ರಲ್ಲಿ ಎಂಬಿಎ ಮುಗಿಸಿ ಮೆಕಿನ್ಸಿ ಅನ್ನುವ ಸಲಹಾ ಕಂಪನಿಯ ಶಿಕಾಗೊ ಕಚೇರಿಗೆ ಹೋದರು.

1983ರಲ್ಲಿ ಅವರು ಊರ ಕಡೆ ತಿರುಗಿದರು. ಫಾರ್ಗೊದಲ್ಲಿ ‘ಗ್ರೇಟ್ ಪ್ಲೇನ್ಸ್’ ಅನ್ನುವ ಪುಟ್ಟ ಸಾಫ್ಟ್‌ವೇರ್ ಕಂಪನಿ ತಲೆಯೆತ್ತುತ್ತಿತ್ತು. ಸಣ್ಣ, ಮಧ್ಯಮ ಗಾತ್ರದ ಕಂಪನಿಗಳಿಗೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಅದರದು. ನಮ್ಮಲ್ಲಿ ಟ್ಯಾಲಿ ಇದ್ದ ಹಾಗೆ ಅಂದುಕೊಳ್ಳಿ. ಬರ್ಗಮ್ ತಂದೆಯಿಂದ ಬಂದಿದ್ದ 160 ಎಕರೆ ಹೊಲವನ್ನು ಅಡ ಇಟ್ಟು ಎರಡೂವರೆ ಲಕ್ಷ ಡಾಲರ್ ತಂದು ಅದಕ್ಕೆ ಸುರಿದರು. ಮುಂದಿನ ವರ್ಷ ಅದರ ಅಧ್ಯಕ್ಷರಾದರು. ಹೊಲ ಅಡ ಇಟ್ಟ ಈ ಸಂಗತಿ ಆಮೇಲೆ ಅವರ ಪ್ರತಿ ಚುನಾವಣೆಯಲ್ಲೂ ಬಂತು. ಬಾರದೆ ಇರುತ್ತದೆಯೇ? ರೈತರ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಕಥೆ ಇನ್ನೊಂದು ಸಿಗುವುದಿಲ್ಲ.

ಅಲ್ಲಿ ಅವರ ಗ್ರಾಹಕ ಯಾರು? ಅಕೌಂಟೆಂಟ್. ಹೊಸ ಫೀಚರ್‌ಗಳಿಗೆ ಮರುಳಾಗದ, ತಿಂಗಳ ಕೊನೆಗೆ ಲೆಕ್ಕ ತಾಳೆಯಾದರೆ ಸಾಕು ಅನ್ನುವ ಮನುಷ್ಯ. ಅವನು ಫೋನ್ ಮಾಡಿದರೆ ಎತ್ತಬೇಕು, ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ಗ್ರೇಟ್ ಪ್ಲೇನ್ಸ್ ಹೆಸರು ಮಾಡಿದ್ದೇ ಗ್ರಾಹಕ ಸೇವೆಯಲ್ಲಿ. ಸಿಲಿಕಾನ್ ವ್ಯಾಲಿಯಿಂದ ಎಷ್ಟೋ ದೂರದ ಊರಲ್ಲಿ ಇದೊಂದು ಅನುಕೂಲವೂ ಆಯಿತು. ಇಲ್ಲಿ ಕೆಲಸಕ್ಕೆ ಸೇರಿದವರು ಎದುರು ಬೀದಿಯ ಕಂಪನಿಗೆ ಹಾರುತ್ತಿರಲಿಲ್ಲ. ಎದುರು ಬೀದಿಯಲ್ಲಿ ಕಂಪನಿಯೇ ಇರಲಿಲ್ಲ. 1997ರಲ್ಲಿ ಷೇರು ಮಾರುಕಟ್ಟೆಗೆ ಬಂದ ಕಂಪನಿಯನ್ನು ಮೈಕ್ರೋಸಾಫ್ಟ್ 2001ರಲ್ಲಿ 110 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡಿತು.

ಇಲ್ಲಿ ನಮ್ಮ ಕಡೆಗೂ ಒಂದು ಎಳೆ ಬರುತ್ತದೆ. ಬರ್ಗಮ್ 2007ರವರೆಗೆ ಮೈಕ್ರೋಸಾಫ್ಟ್‌ನ ಬಿಸಿನೆಸ್ ಸಲ್ಯೂಷನ್ಸ್ ವಿಭಾಗದ ಮುಖ್ಯಸ್ಥರಾಗಿದ್ದರು. ಆಗ ಅವರ ಕೈಕೆಳಗೆ ಪಳಗಿದವರಲ್ಲಿ ಒಬ್ಬರು ಸತ್ಯ ನಾದೆಲ್ಲಾ. ಹೌದು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿ ಹೋದ ಅದೇ ನಾದೆಲ್ಲಾ. ಬರ್ಗಮ್ ತಮಗೆ ದಾರಿ ತೋರಿದ ಹಿರಿಯರು ಅಂತ ಅವರು ಹೇಳಿಕೊಂಡಿದ್ದಾರೆ. ಮೈಕ್ರೋಸಾಫ್ಟ್ ಬಿಟ್ಟ ಮೇಲೆ ಬರ್ಗಮ್ ಸಕ್ಸೆಸ್‌ಫ್ಯಾಕ್ಟರ್ಸ್ ಕಂಪನಿಯ ಮಂಡಳಿಗೆ ಅಧ್ಯಕ್ಷರಾಗಿದ್ದರು, ಆಮೇಲೆ ಅಟ್ಲಾಸಿಯನ್‌ಗೂ ಆದರು. ಬೆಂಗಳೂರಿನ ಐಟಿ ಮಂದಿಗೆ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಅಪ್ರೈಸಲ್ ಫಾರ್ಮ್ ತುಂಬಿ ಬೈದುಕೊಳ್ಳುವುದು ಮೊದಲನೆಯದರಲ್ಲಿ, ದಿನಾ ಬೆಳಗ್ಗೆ ಜಿರಾ ಅನ್ನುವ ಸಾಫ್ಟ್‌ವೇರಿನಲ್ಲಿ ಕೆಲಸದ ಟಿಕೆಟ್ ನೋಡಿ ನಿಟ್ಟುಸಿರು ಬಿಡುವುದು ಎರಡನೆಯದರಲ್ಲಿ.

ಇಷ್ಟು ಹೊತ್ತಿಗೆ ಅವರ ಹತ್ತಿರ ಬೇಕಾದಷ್ಟು ಆಸ್ತಿಯಿತ್ತು. ಫಾರ್ಗೊ ಪೇಟೆಯ ಪಾಳುಬಿದ್ದ ಹಳೇ ಕಟ್ಟಡಗಳನ್ನು ಕೊಂಡು ರಿಪೇರಿ ಮಾಡಿಸುವ ಕಂಪನಿ 2006ರಲ್ಲಿ, ಹೊಸ ಸಾಫ್ಟ್‌ವೇರ್ ಕಂಪನಿಗಳಿಗೆ ಬಂಡವಾಳ ಹಾಕುವ ಸಂಸ್ಥೆ 2008ರಲ್ಲಿ. ಊರಿನವರ ಕಣ್ಣಿಗೆ ಅವರು ಊರು ಬಿಟ್ಟು ಹೋಗದ ದೊಡ್ಡ ಮನುಷ್ಯ. 2016ರ ಜನವರಿಯಲ್ಲಿ ಗವರ್ನರ್ ಸ್ಥಾನಕ್ಕೆ ನಿಲ್ಲುತ್ತೇನೆ ಅಂದರು. ಅದುವರೆಗೆ ಒಂದು ಸಾರ್ವಜನಿಕ ಹುದ್ದೆಯನ್ನೂ ಹಿಡಿದವರಲ್ಲ.

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ, ಮುಖ್ಯಮಂತ್ರಿಯ ಹಾಗೆ. ಆದರೆ ಪೂರ್ತಿ ಹಾಗೂ ಅಲ್ಲ. ಜನರೇ ನೇರವಾಗಿ ಆರಿಸುತ್ತಾರೆ, ಅವರು ಶಾಸನಸಭೆಯಲ್ಲಿ ಕೂರುವುದಿಲ್ಲ, ಶಾಸಕರು ಅವರ ಮಾತು ಕೇಳಲೇಬೇಕು ಅಂತ ವಿಪ್ ಹೊರಡಿಸುವ ಹಾಗಿಲ್ಲ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪಕ್ಷದ ಲೆಕ್ಕದಲ್ಲಿ ಆ ಸಲ ಸರದಿ ಬರ್ಗಮ್ ಅವರದಾಗಿರಲಿಲ್ಲ. ವೇನ್ ಸ್ಟೆನ್‌ಜೆಮ್ ಅನ್ನುವ ಹಿರಿಯರು ಹತ್ತಿರ ಹತ್ತಿರ ಹದಿನಾರು ವರ್ಷದಿಂದ ರಾಜ್ಯದ ಅಟಾರ್ನಿ ಜನರಲ್ ಆಗಿದ್ದರು. ಏಪ್ರಿಲ್‌ನಲ್ಲಿ ನಡೆದ ಪಕ್ಷದ ಸಮಾವೇಶ ಅವರನ್ನೇ ಆರಿಸಿತು. ಬರ್ಗಮ್‌ಗೆ ಅಲ್ಲಿ ಸಿಕ್ಕಿದ್ದು ಮೂರನೇ ಸ್ಥಾನ. ನಮ್ಮಲ್ಲಾಗಿದ್ದರೆ ಟಿಕೆಟ್ ಕೈತಪ್ಪಿತು ಅಂತ ಅಲ್ಲಿಗೆ ಕಥೆ ಮುಗಿಯುತ್ತಿತ್ತು, ಇಲ್ಲವೇ ಬಂಡಾಯ ಎದ್ದು ಪಕ್ಷೇತರನಾಗಿ ನಿಲ್ಲಬೇಕಾಗುತ್ತಿತ್ತು. ಅಲ್ಲಿ ಹಾಗಿಲ್ಲ. ಸಮಾವೇಶದ ಆಯ್ಕೆ ಬರೀ ಶಿಫಾರಸು. ಜೂನ್‌ನಲ್ಲಿ ನಡೆಯುವ ಪ್ರೈಮರಿಯಲ್ಲಿ ಜನ ಓಟು ಹಾಕಿ ಅಭ್ಯರ್ಥಿಯನ್ನು ತೀರ್ಮಾನಿಸುತ್ತಾರೆ. ಅದರಲ್ಲೂ ನಾರ್ತ್ ಡಕೋಟಾಕ್ಕೆ ಒಂದು ವಿಶೇಷವಿದೆ. ಇಡೀ ಅಮೆರಿಕದಲ್ಲಿ ಮತದಾರರ ನೋಂದಣಿಯೇ ಇಲ್ಲದ ಒಂದೇ ರಾಜ್ಯ ಅದು. ಗುರುತಿನ ಚೀಟಿ ತೋರಿಸಿ ಯಾವ ಪಕ್ಷದ ಪ್ರೈಮರಿಯಲ್ಲಾದರೂ ಓಟು ಹಾಕಬಹುದು.

ಇಲ್ಲಿ ಗ್ರೇಟ್ ಪ್ಲೇನ್ಸ್‌ನ ಬರ್ಗಮ್ ಎದ್ದು ನಿಂತರು. ಸಮಾವೇಶಕ್ಕೆ ಬರುವ ಪಕ್ಷದ ಕಾರ್ಯಕರ್ತರು ನನ್ನ ಗ್ರಾಹಕರಲ್ಲ, ಹೊರಗಿರುವ ಸಾಮಾನ್ಯ ಓಟುದಾರ ನನ್ನ ಗ್ರಾಹಕ ಅಂತ ತೀರ್ಮಾನಿಸಿದರು. ಸ್ವಂತ ದುಡ್ಡು ಹಾಕಿದರು. ಬಿಲ್ ಗೇಟ್ಸ್ 1 ಲಕ್ಷ ಡಾಲರ್ ಕೊಟ್ಟರು. ರಾಜಧಾನಿ ಬಿಸ್ಮಾರ್ಕ್‌ನಲ್ಲಿ ಹಳೇ ಗೆಳೆಯರ ಕೂಟವೊಂದು ರಾಜ್ಯವನ್ನು ಆಳುತ್ತಿದೆ, ಎಣ್ಣೆಯ ದುಡ್ಡು ಬಂದಾಗ ಮನಸ್ಸಿಗೆ ಬಂದಂತೆ ಖರ್ಚು ಮಾಡಿ ಈಗ ಕೈ ಖಾಲಿ ಮಾಡಿಕೊಂಡಿದೆ ಅಂತ ಊರೂರಲ್ಲಿ ಹೇಳಿದರು. ಆ ವರ್ಷದ ಆರಂಭದಲ್ಲಿ ಎಣ್ಣೆ ಬೆಲೆ ಬ್ಯಾರೆಲ್‌ಗೆ 30 ಡಾಲರಿಗಿಂತ ಕೆಳಗೆ ಬಿದ್ದಿತ್ತು. ಮಾತು ನಾಟಿತು. ಜೂನ್ 14ರ ಪ್ರೈಮರಿಯಲ್ಲಿ ಬರ್ಗಮ್‌ಗೆ ಶೇ 59ರಷ್ಟು ಓಟು, ಸ್ಟೆನ್‌ಜೆಮ್‌ಗೆ ಶೇ 39ರಷ್ಟು. ನವೆಂಬರ್‌ನ ಮುಖ್ಯ ಚುನಾವಣೆ ಬರೀ ಶಾಸ್ತ್ರಕ್ಕೆ ನಡೆಯಿತು. ನಾಲ್ಕರಲ್ಲಿ ಮೂರು ಓಟು ಅವರಿಗೇ ಬಂದವು.

ಅದೇ ಜೂನ್ 14ರಂದು ಅದೇ ಮತಪತ್ರದಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಬರ್ಗಮ್ ಬಗ್ಗೆ ಬರೆಯುವವರು ಇದನ್ನು ಅಷ್ಟಾಗಿ ಎತ್ತುವುದಿಲ್ಲ. ನಾರ್ತ್ ಡಕೋಟಾದಲ್ಲಿ ಕಂಪನಿಗಳು ಬೇಸಾಯ ಮಾಡುವ ಹಾಗಿಲ್ಲ ಅಂತ 1932ರಿಂದ ಕಾನೂನಿದೆ. ಹೈನುಗಾರಿಕೆ, ಹಂದಿ ಸಾಕಣೆಗೆ ಇದನ್ನು ಸ್ವಲ್ಪ ಸಡಿಲ ಮಾಡೋಣ ಅಂತ 2015ರಲ್ಲಿ ಶಾಸಕರು ಒಂದು ಮಸೂದೆ ಪಾಸ್ ಮಾಡಿದ್ದರು. ರೈತರು ಸಹಿ ಸಂಗ್ರಹಿಸಿ ಅದನ್ನು ಜನಮತಕ್ಕೆ ಎಳೆದರು. ಸುಮಾರು ಶೇ 76ರಷ್ಟು ಜನ ಬೇಡ ಅಂದರು. ಅಂದರೆ ಒಂದೇ ದಿನ, ಒಂದೇ ಬೂತಿನಲ್ಲಿ, ಅದೇ ಜನ ಕಂಪನಿಯ ಬಾಸ್ ನಮಗೆ ಬೇಕು ಅಂದರು, ಹೊಲಕ್ಕೆ ಮಾತ್ರ ಕಂಪನಿ ಬೇಡ ಅಂದರು.

ಈ ರಾಜ್ಯವನ್ನು ‘ಕನ್ಸರ್ವೇಟಿವ್’ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಹಾಗಿಲ್ಲ ಅನ್ನುವುದು ಇದಕ್ಕೇ. ಅಮೆರಿಕದಲ್ಲಿ ಸರ್ಕಾರವೇ ನಡೆಸುವ ರಾಜ್ಯ ಬ್ಯಾಂಕ್ ಇರುವುದು ಇಲ್ಲಿ, 1919ರಿಂದ. ಸರ್ಕಾರದ ಹಿಟ್ಟಿನ ಗಿರಣಿಯೂ ಇದೆ, 1922ರಿಂದ. ನೂರು ವರ್ಷದ ಹಿಂದೆ ಹೊರಗಿನ ಬ್ಯಾಂಕು, ರೈಲ್ವೆ, ಧಾನ್ಯದ ದಲ್ಲಾಳಿಗಳ ಮೇಲೆ ಸಿಟ್ಟಿಗೆದ್ದ ರೈತರು ‘ನಾನ್‌ಪಾರ್ಟಿಸನ್ ಲೀಗ್’ ಕಟ್ಟಿ, ಸರ್ಕಾರ ಹಿಡಿದು, ಇವನ್ನೆಲ್ಲ ಮಾಡಿದರು. ಇವತ್ತು ಅವರ ಮೊಮ್ಮಕ್ಕಳು ರಿಪಬ್ಲಿಕನ್ನರಿಗೆ ಓಟು ಹಾಕುತ್ತಾರೆ. ಬ್ಯಾಂಕು, ಗಿರಣಿ ಮುಟ್ಟಲು ಯಾರಿಗೂ ಬಿಡುವುದಿಲ್ಲ. ಗೇಟ್ಸ್‌ಗೆ ಸೇರಿದ ಟ್ರಸ್ಟ್ ಒಂದು 2022ರಲ್ಲಿ ಅಲ್ಲಿ 2,100 ಎಕರೆ ಕೊಂಡಾಗ ಎದ್ದ ಗಲಾಟೆಗೆ, ರಾಜ್ಯದ ಅಟಾರ್ನಿ ಜನರಲ್ ಪತ್ರ ಬರೆದು ವಿವರಣೆ ಕೇಳಬೇಕಾಯಿತು. ಕಾನೂನಿನ ಪ್ರಕಾರ ಸರಿಯಿದೆ ಅಂತ ಆಮೇಲೆ ತೀರ್ಮಾನವಾಯಿತು, ಬಿಡಿ.

ಗವರ್ನರ್ ಆಗಿ ಬರ್ಗಮ್ ಮಾಡಿದ ಕೆಲಸಗಳಲ್ಲಿ ಒಳ್ಳೆಯವೂ ಇವೆ. ಬಂದ ಕೂಡಲೇ ಎದುರಾದದ್ದು ಎಣ್ಣೆ ಪೈಪ್‌ಲೈನ್ ವಿರುದ್ಧ ಸ್ಟ್ಯಾಂಡಿಂಗ್ ರಾಕ್ ಬುಡಕಟ್ಟಿನವರು ಹೂಡಿದ್ದ ದೊಡ್ಡ ಹೋರಾಟ. 2017ರ ಫೆಬ್ರುವರಿಯಲ್ಲಿ ಶಿಬಿರ ತೆರವಾಯಿತು, ಪೈಪ್‌ಲೈನ್ ಆಗಿಯೇ ಆಯಿತು. ಆದರೆ ಆಮೇಲೆ ಬುಡಕಟ್ಟುಗಳ ಜೊತೆ ಮಾತುಕತೆಯನ್ನು ಅವರು ಬಿಡಲಿಲ್ಲ. 2019ರಲ್ಲಿ ಐದು ಬುಡಕಟ್ಟುಗಳ ಬಾವುಟಗಳು ಗವರ್ನರ್ ಕಚೇರಿಯ ಹೊರಗೆ ಕಾಯಂ ಆಗಿ ನಿಂತವು. ಕುಡಿತ, ಮಾದಕ ವ್ಯಸನದಿಂದ ಹೊರಬರುವವರ ಪರವಾಗಿ ಅವರ ಹೆಂಡತಿ ತಮ್ಮದೇ ಅನುಭವ ಹೇಳಿಕೊಂಡು ಕೆಲಸ ಮಾಡಿದರು.

2020ರ ಮೇ ತಿಂಗಳ ಒಂದು ವಿಡಿಯೊ ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಮಾಸ್ಕ್ ಹಾಕುವುದೂ ಅಲ್ಲಿ ಪಕ್ಷದ ಜಗಳವಾಗಿತ್ತು. ಮಾಸ್ಕ್ ಹಾಕಿದವರನ್ನು ಅಣಕಿಸಬೇಡಿ, ಅವರ ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಐದು ವರ್ಷದ ಮಗು ಇರಬಹುದು ಅಂತ ಹೇಳುವಾಗ ಬರ್ಗಮ್ ಗಂಟಲು ಕಟ್ಟಿತು. ಕಣ್ಣು ತುಂಬಿತು. ನಾಟಕ ಅನಿಸಲಿಲ್ಲ. ಆದರೆ ಮಾಸ್ಕ್ ಕಡ್ಡಾಯ ಮಾಡಿದ್ದು ಯಾವಾಗ? ಆರು ತಿಂಗಳು ಬಿಟ್ಟು, ನವೆಂಬರ್ 13ರ ರಾತ್ರಿ. ಅಷ್ಟರಲ್ಲಿ ತಲಾವಾರು ಸೋಂಕಿನಲ್ಲಿ ಆ ರಾಜ್ಯ ದೇಶಕ್ಕೇ ಮೊದಲಾಗಿತ್ತು. ನರ್ಸುಗಳ ಕೊರತೆ ಎಷ್ಟಿತ್ತೆಂದರೆ, ಸೋಂಕು ತಗುಲಿಯೂ ಲಕ್ಷಣ ಇಲ್ಲದ ನರ್ಸುಗಳು ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಬಹುದು ಅಂತ ಅನುಮತಿ ಕೊಡಬೇಕಾಗಿತ್ತು. ಆದೇಶಕ್ಕೆ ಹತ್ತು ದಿನ ಮುಂಚೆ ಚುನಾವಣೆ ಮುಗಿದಿತ್ತು, ಬರ್ಗಮ್ ಮತ್ತೆ ಗೆದ್ದಿದ್ದರು. ಈ ಎರಡಕ್ಕೂ ಸಂಬಂಧ ಇದೆ ಅಂತ ಸಾಬೀತು ಮಾಡಲಾಗದು. ಆದರೆ ಗ್ರಾಹಕನಿಗೆ ಇಷ್ಟವಿಲ್ಲದ್ದನ್ನು ಅವನ ಮೇಲೆ ಹೇರುವುದು ಬರ್ಗಮ್‌ಗೆ ಎಷ್ಟು ಕಷ್ಟ ಅನ್ನುವುದು ಕಾಣುತ್ತದೆ.

ಅದೇ ವರ್ಷ ಇನ್ನೊಂದು ಕಡೆ ಅವರ ಕಂಪನಿ ಬುದ್ಧಿ ಪೂರಾ ಕೈಕೊಟ್ಟಿತು. ನನಗೆ ಅವರ ಕಥೆಯಲ್ಲೇ ತುಂಬಾ ಹಿಡಿಸಿದ ಭಾಗ ಇದು. ಕಾದಂಬರಿಯಲ್ಲಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

ನಾರ್ತ್ ಡಕೋಟಾದ ಶಾಸನಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 80 ದಿನ. ಶಾಸಕರಲ್ಲಿ ರೈತರು, ಅಂಗಡಿಯವರು, ನಿವೃತ್ತರು ಜಾಸ್ತಿ. ಅವರೆಲ್ಲ ರಿಪಬ್ಲಿಕನ್ನರೇ, ಆದರೆ ಖಜಾನೆಯ ಬೀಗದ ಕೈ ತಮ್ಮದು ಅನ್ನುವ ಹಟದವರು. ಬರ್ಗಮ್ ಅವರ ಕೆಲವು ವೀಟೊಗಳ ಮೇಲೆ ಅವರು ಕೋರ್ಟಿಗೂ ಹೋಗಿದ್ದರು. ಇಬ್ಬರೂ ಮಿತಿ ಮೀರಿದ್ದೀರಿ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2018ರಲ್ಲಿ ಎರಡೂ ಕಡೆಗೆ ಬುದ್ಧಿ ಹೇಳಿತ್ತು. ಕೆಳಮನೆಯ ಹಣ ಮಂಜೂರಾತಿ ಸಮಿತಿಗೆ ಜೆಫ್ ಡೆಲ್ಜರ್ ಅಧ್ಯಕ್ಷರು. ಅಂಡರ್‌ವುಡ್ ಅನ್ನುವ ಊರಿನ ಹಳೇ ಹುಲಿ. ಗವರ್ನರ್ ಕೇಳಿದ ಯೋಜನೆಗಳಿಗೆ ಕತ್ತರಿ ಹಾಕುವುದರಲ್ಲಿ ಎತ್ತಿದ ಕೈ.

ಕಂಪನಿಯಲ್ಲಾಗಿದ್ದರೆ ಇಂಥ ಮ್ಯಾನೇಜರನ್ನು ಬೇರೆ ವಿಭಾಗಕ್ಕೆ ಹಾಕಬಹುದಿತ್ತು. ಇಲ್ಲಿ ಬರ್ಗಮ್ ಮಾಡಿದ್ದು, ತಮ್ಮ ಜೇಬಿನಿಂದ 30 ಲಕ್ಷ ಡಾಲರಿಗೂ ಜಾಸ್ತಿ ದುಡ್ಡನ್ನು, ಡೆಲ್ಜರ್ ವಿರುದ್ಧವೂ ಪ್ರಚಾರ ಮಾಡಿದ ಒಂದು ರಾಜಕೀಯ ಸಮಿತಿಗೆ ಕೊಟ್ಟಿದ್ದು. ಕೆಲವೇ ಸಾವಿರ ಓಟಿನಲ್ಲಿ ಸೋಲು ಗೆಲುವು ತೀರ್ಮಾನವಾಗುವ ಕ್ಷೇತ್ರದಲ್ಲಿ ಇದು ಸೊಳ್ಳೆಗೆ ಫಿರಂಗಿ ಹೊಡೆದ ಹಾಗೆ. 2020ರ ಜೂನ್ ಪ್ರೈಮರಿಯಲ್ಲಿ ಡೆಲ್ಜರ್ ಸೋತರು. ಆ ಕ್ಷೇತ್ರಕ್ಕಿದ್ದ ಎರಡು ಸೀಟಿಗೆ ಗವರ್ನರ್ ಕಡೆಯ ಇಬ್ಬರು, ಡೇವಿಡ್ ಆ್ಯಂಡಲ್ ಮತ್ತು ಡೇವ್ ನೇರಿಂಗ್, ಗೆದ್ದರು.

ಅಕ್ಟೋಬರ್‌ನಲ್ಲಿ ಆ್ಯಂಡಲ್ ಕೋವಿಡ್‌ನಿಂದ ತೀರಿಕೊಂಡರು. ಮತಪತ್ರ ಆಗಲೇ ಅಚ್ಚಾಗಿತ್ತು. ನವೆಂಬರ್‌ನಲ್ಲಿ ಜನ ಅವರಿಗೇ ಓಟು ಹಾಕಿದರು, ಸತ್ತ ಮನುಷ್ಯ ಗೆದ್ದರು. ಹಾಗಾದರೆ ಖಾಲಿ ಸೀಟನ್ನು ತುಂಬುವವರು ಯಾರು? ನಾನು ಅಂತ ಬರ್ಗಮ್ ತಮ್ಮ ಕಡೆಯ ಒಬ್ಬರನ್ನು ನೇಮಿಸಿದರು. ನಿಮಗೆ ಆ ಅಧಿಕಾರ ಇಲ್ಲ, ಕ್ಷೇತ್ರದ ಪಕ್ಷ ಸಮಿತಿ ತೀರ್ಮಾನಿಸಬೇಕು ಅಂತ ಅಟಾರ್ನಿ ಜನರಲ್ ಅಭಿಪ್ರಾಯ ಕೊಟ್ಟರು. ಆ ಅಟಾರ್ನಿ ಜನರಲ್ ಬೇರೆ ಯಾರೂ ಅಲ್ಲ, 2016ರಲ್ಲಿ ಬರ್ಗಮ್ ಕೈಯಲ್ಲಿ ಸೋತ ಅದೇ ವೇನ್ ಸ್ಟೆನ್‌ಜೆಮ್. ಬರ್ಗಮ್ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟೂ ಒಪ್ಪಲಿಲ್ಲ. ಪಕ್ಷದ ಸಮಿತಿ ಕೂತು ಒಂದು ಹೆಸರು ಆರಿಸಿತು: ಜೆಫ್ ಡೆಲ್ಜರ್.

ಡೆಲ್ಜರ್ ಮತ್ತೆ ಸದನಕ್ಕೆ ಬಂದು ಅದೇ ಸಮಿತಿಯ ಅದೇ ಕುರ್ಚಿಯಲ್ಲಿ ಕೂತರು.

ಇದರಿಂದ ಬರ್ಗಮ್ ಕಲಿತಿದ್ದೇನು ಅಂತ ಅವರೆಲ್ಲೂ ಬಾಯಿಬಿಟ್ಟು ಹೇಳಿಲ್ಲ. ಆದರೆ ನಡೆದದ್ದನ್ನು ಸಾಲಾಗಿ ಇಟ್ಟರೆ ಗೊತ್ತಾಗುತ್ತದೆ. ಮೊದಲ ಅವಧಿಯ ಗ್ರಾಹಕ ಯಾವ ಪಕ್ಷದವನಾದರೂ ಆಗಿದ್ದ ಸಾಮಾನ್ಯ ಓಟುದಾರ. ಎರಡನೇ ಅವಧಿಯಲ್ಲಿ ಕಣ್ಣು ನಿಧಾನಕ್ಕೆ ಪಕ್ಷದೊಳಗಿನ ಕಟ್ಟಾ ಓಟುದಾರನ ಕಡೆ ಹೊರಳಿತು. 2021ರಲ್ಲಿ, ಟ್ರಾನ್ಸ್‌ಜೆಂಡರ್ ಹುಡುಗಿಯರು ಶಾಲೆಯ ಹುಡುಗಿಯರ ತಂಡಗಳಲ್ಲಿ ಆಡಬಾರದು ಅನ್ನುವ ಮಸೂದೆ ಬಂದಾಗ ಬರ್ಗಮ್ ವೀಟೊ ಮಾಡಿದರು. ನಮ್ಮ ರಾಜ್ಯದಲ್ಲಿ ಇಂಥ ಒಂದೇ ಒಂದು ಪ್ರಕರಣ ಆಗಿಲ್ಲ, ಇಲ್ಲದ ಸಮಸ್ಯೆಗೆ ಕಾನೂನು ಯಾಕೆ ಅನ್ನುವ ಧಾಟಿಯ ಕಾರಣ ಕೊಟ್ಟರು. ಅಕೌಂಟೆಂಟ್ ಮೆಚ್ಚುವಂಥ ಕಾರಣ. 2023ರಲ್ಲಿ ಅಂಥದೇ ಮಸೂದೆಗಳು ಮತ್ತೆ ಬಂದವು. ಈ ಸಲ ಸಹಿ ಹಾಕಿದರು. ಏಪ್ರಿಲ್ 24ರಂದು ಗರ್ಭಪಾತವನ್ನು ಹೆಚ್ಚೂಕಮ್ಮಿ ಪೂರ್ತಿ ನಿಷೇಧಿಸುವ ಕಾನೂನಿಗೂ ಸಹಿ ಬಿತ್ತು. ಅತ್ಯಾಚಾರದಿಂದಾದ ಗರ್ಭಕ್ಕೂ ಆರು ವಾರದೊಳಗೆ ಮಾತ್ರ ವಿನಾಯಿತಿ.

ಅವರ ಪರವಾಗಿ ಒಂದು ಮಾತು ಹೇಳಬಹುದು. ಆ ಹೊತ್ತಿಗೆ ಮೇಲ್ಮನೆಯ 47ರಲ್ಲಿ 43, ಕೆಳಮನೆಯ 94ರಲ್ಲಿ 82 ಸೀಟು ರಿಪಬ್ಲಿಕನ್ನರದ್ದು. ವೀಟೊ ಮಾಡಿದರೂ ತಿರುಗಿ ಪಾಸ್ ಮಾಡುವಷ್ಟು ಬಲ ಅವರಲ್ಲಿತ್ತು. ಸರಿ, ಒಪ್ಪೋಣ. ಆದರೆ 2021ರಲ್ಲೂ ರಿಪಬ್ಲಿಕನ್ನರ ಬಲ ಬೇಕಾದಷ್ಟಿತ್ತು, ಆಗಿನ ವೀಟೊ ಉಳಿಯಿತಲ್ಲ. 2023ಕ್ಕೆ ಬದಲಾಗಿದ್ದ ದೊಡ್ಡ ಸಂಗತಿ ಬೇರೆ. ಆ ಜೂನ್‌ನಲ್ಲಿ ಬರ್ಗಮ್ ಅಧ್ಯಕ್ಷ ಪದವಿಗೆ ನಿಲ್ಲುವವರಿದ್ದರು. ಪಕ್ಷದ ಅಭ್ಯರ್ಥಿಯ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಓಟು ಹಾಕುವ ಅಯೋವಾ ರಾಜ್ಯದ ರಿಪಬ್ಲಿಕನ್ ಓಟುದಾರ ಹೊಸ ಗ್ರಾಹಕ.

ಅದೇ ವರ್ಷ ಕಂಪನಿ ಬೇಸಾಯದ ಕಾನೂನನ್ನೂ ಪಶುಸಂಗೋಪನೆಗೆ ಸಡಿಲಿಸಿದರು, 51 ಕೋಟಿ ಡಾಲರ್ ಮೀರಿದ ತೆರಿಗೆ ಕಡಿತಕ್ಕೂ ಸಹಿ ಹಾಕಿದರು. ಇವು ಅವರ ಮೊದಲಿನ ನಂಬಿಕೆಗೆ ಹೊಂದುವಂಥವೇ, ಅದರಲ್ಲಿ ಸೋಜಿಗ ಇಲ್ಲ.

ಇಂಧನದ ವಿಷಯದಲ್ಲಿ ಅವರ ಜಾಣತನ ಹೆಚ್ಚು ಕಾಣುತ್ತದೆ. 2021ರಲ್ಲಿ ಎಣ್ಣೆ ಕಂಪನಿಗಳ ಸಮ್ಮೇಳನದಲ್ಲೇ ನಿಂತು, 2030ರ ಹೊತ್ತಿಗೆ ರಾಜ್ಯವನ್ನು ಕಾರ್ಬನ್ ನ್ಯೂಟ್ರಲ್ ಮಾಡುತ್ತೇವೆ ಅಂತ ಘೋಷಿಸಿದರು. ಎಣ್ಣೆ, ಕಲ್ಲಿದ್ದಲು ಕಡಿಮೆ ಮಾಡಿ ಅಲ್ಲ. ಹೊಗೆಯಲ್ಲಿನ ಇಂಗಾಲವನ್ನು ಹಿಡಿದು ನೆಲದಡಿಯ ಬಂಡೆಗಳೊಳಗೆ ತುಂಬಿ. ಎಣ್ಣೆಯವರಿಗೂ ಬೇಜಾರಿಲ್ಲ, ಪರಿಸರದವರಿಗೂ ಒಂದು ಮಾತು. ಕಷ್ಟ ಬಂದಿದ್ದು ರೈತರಿಂದ. ಐದು ರಾಜ್ಯಗಳ ಎಥೆನಾಲ್ ಕಾರ್ಖಾನೆಗಳಿಂದ ಇಂಗಾಲವನ್ನು ನಾರ್ತ್ ಡಕೋಟಾಕ್ಕೆ ತರುವ ಸಮಿಟ್ ಕಂಪನಿಯ ಪೈಪ್‌ಲೈನ್ ನಮ್ಮ ಹೊಲದಲ್ಲಿ ಬೇಡ ಅಂತ ಅವರು ತಿರುಗಿಬಿದ್ದರು. ಎಣ್ಣೆ ದೊರೆ ಹೆರಾಲ್ಡ್ ಹ್ಯಾಮ್ ಅವರ ಕಂಪನಿ ಆ ಯೋಜನೆಗೆ 25 ಕೋಟಿ ಡಾಲರ್ ಹಾಕಿದೆ. ಹೊಲ ಅಡ ಇಟ್ಟ ಕಥೆಯಿಂದ ಗೆದ್ದ ಮನುಷ್ಯ, ಹೊಲದವರಿಗೂ ಎಣ್ಣೆಯವರಿಗೂ ಜಗಳ ಬಂದಾಗ ಯೋಜನೆಯ ಪರ ನಿಂತರು.

ಅಧ್ಯಕ್ಷ ಪದವಿಯ ಓಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರಲ್ಲಿ ಹೆಚ್ಚೇನೂ ಇಲ್ಲ. ಗಿಫ್ಟ್ ಕಾರ್ಡ್ ಕೆಲಸ ಮಾಡಿತು, 40,000 ದಾನಿಗಳು ಸಿಕ್ಕರು. ಪ್ರಚಾರಕ್ಕೆ ಸ್ವಂತ ದುಡ್ಡು 1 ಕೋಟಿ ಡಾಲರಿಗೂ ಜಾಸ್ತಿ ಹೋಯಿತು. ಮೊದಲ ಚರ್ಚೆಯ ಹಿಂದಿನ ದಿನ ಬ್ಯಾಸ್ಕೆಟ್‌ಬಾಲ್ ಆಡಲು ಹೋಗಿ ಹಿಮ್ಮಡಿಯ ನರ ಹರಿದುಕೊಂಡರು, ಆದರೂ ವೇದಿಕೆಯಲ್ಲಿ ನಿಂತರು. ಎರಡನೇ ಚರ್ಚೆಗೂ ಬಂದರು, ಮೂರನೆಯದಕ್ಕೆ ಅರ್ಹತೆ ಸಿಗಲಿಲ್ಲ. ಡಿಸೆಂಬರ್ 4ಕ್ಕೆ ಕಣದಿಂದ ಹೊರಗೆ. ಕ್ಯಾಶ್‌ಬ್ಯಾಕ್ ನೋಡಿ ಆ್ಯಪ್ ಹಾಕಿಕೊಂಡವರು ಎರಡನೇ ಆರ್ಡರ್ ಮಾಡಲಿಲ್ಲ.

ನೆನಪಿಡಬೇಕಾದ್ದು ಇನ್ನೊಂದಿದೆ. 2023ರ ಜುಲೈನಲ್ಲಿ ಟಿವಿ ಸಂದರ್ಶನದಲ್ಲಿ, ನೀವು ಟ್ರಂಪ್ ಜೊತೆ ವ್ಯವಹಾರ ಮಾಡುತ್ತೀರಾ ಅಂತ ಕೇಳಿದರು. ಇಲ್ಲ ಅನಿಸುತ್ತದೆ, ನಾವು ಯಾರ ಸಹವಾಸದಲ್ಲಿರುತ್ತೇವೆ ಅನ್ನುವುದರ ಮೇಲೆ ಜನ ನಮ್ಮನ್ನು ಅಳೆಯುತ್ತಾರೆ ಅನ್ನುವ ಅರ್ಥದ ಉತ್ತರ ಬಂತು. ಆರು ತಿಂಗಳಾಗಿತ್ತು ಅಷ್ಟೇ. 2024ರ ಜನವರಿ 14ರಂದು ಅಯೋವಾದಲ್ಲಿ ಅದೇ ಟ್ರಂಪ್ ಪಕ್ಕ ನಿಂತು ಬೆಂಬಲ ಘೋಷಿಸಿದರು. ಉಪಾಧ್ಯಕ್ಷ ಸ್ಥಾನದ ಪಟ್ಟಿಯಲ್ಲಿ ಕೊನೆಯತನಕ ಹೆಸರಿತ್ತು, ಅದು ಜೆ.ಡಿ. ವ್ಯಾನ್ಸ್ ಪಾಲಾಯಿತು. ಇಲ್ಲಿಂದಾಚೆಗೆ ಬರ್ಗಮ್‌ಗೆ ಗ್ರಾಹಕ ಒಬ್ಬನೇ.

ಅತ್ತ ರಾಜ್ಯದಲ್ಲಿ, ಮೂರನೇ ಸಲ ನಿಲ್ಲುವುದಿಲ್ಲ ಅಂದ ಬರ್ಗಮ್, ತಮ್ಮ ಲೆಫ್ಟಿನೆಂಟ್ ಗವರ್ನರ್ ಟ್ಯಾಮಿ ಮಿಲ್ಲರ್ ಅವರಿಗೆ ಬೆಂಬಲ ಕೊಟ್ಟರು. ಅವರೂ ಕಂಪನಿ ನಡೆಸಿ ಬಂದವರೇ, ಅವರೂ ಸ್ವಂತ ದುಡ್ಡು ಸುರಿದರು. ಎದುರಿಗಿದ್ದವರು ಕೆಲ್ಲಿ ಆರ್ಮ್‌ಸ್ಟ್ರಾಂಗ್. ವಕೀಲ, ಪಕ್ಷದ ಮಾಜಿ ರಾಜ್ಯಾಧ್ಯಕ್ಷ, ಸಂಸದ. ಎಂಟು ವರ್ಷದ ಹಿಂದೆ ಬರ್ಗಮ್ ಬೈದಿದ್ದ ಹಳೇ ಕೂಟಕ್ಕೆ ಹೇಳಿ ಮಾಡಿಸಿದ ಹಾಗಿದ್ದರು. ಟ್ರಂಪ್ ಬೆಂಬಲ ಕೊಟ್ಟಿದ್ದು ಆರ್ಮ್‌ಸ್ಟ್ರಾಂಗ್‌ಗೆ. 2024ರ ಜೂನ್ ಪ್ರೈಮರಿಯಲ್ಲಿ ನಾಲ್ಕರಲ್ಲಿ ಮೂರು ಓಟಿನ ಹತ್ತಿರಹತ್ತಿರ ಅವರು ಬಾಚಿಕೊಂಡರು. ಬರ್ಗಮ್ ಮತ್ತು ಮಿಲ್ಲರ್ 2016ರ ಸೂತ್ರವನ್ನೇ ಇನ್ನೊಮ್ಮೆ ಪ್ರಯೋಗಿಸಿದ್ದರು. ಆದರೆ ಆಗ ಜನ ಹೊರಗಿನವನು ಬೇಕು ಅಂತ ಹುಡುಕುತ್ತಿದ್ದರು. ಈಗ ಆ ಜಾಗದಲ್ಲಿ ಟ್ರಂಪ್ ಕೂತಾಗಿತ್ತು.

2025ರ ಜನವರಿ 30ರಂದು ಸೆನೆಟ್ 79–18 ಓಟಿನಿಂದ ಬರ್ಗಮ್ ಅವರನ್ನು ಟ್ರಂಪ್ ಸಂಪುಟದ ಇಂಟೀರಿಯರ್ ಕಾರ್ಯದರ್ಶಿ ಅಂತ ಒಪ್ಪಿತು. ಹೆಸರು ನೋಡಿ ಗೃಹ ಇಲಾಖೆ ಅಂದುಕೊಳ್ಳಬೇಡಿ. ರಾಷ್ಟ್ರೀಯ ಉದ್ಯಾನಗಳು, ಸರ್ಕಾರಿ ಜಮೀನು, ಅಲ್ಲಿನ ಗಣಿ ಮತ್ತು ಎಣ್ಣೆ ಗುತ್ತಿಗೆ, ಬುಡಕಟ್ಟುಗಳ ವ್ಯವಹಾರ ನೋಡುವ ಇಲಾಖೆ ಇದು. ಕೈಯಲ್ಲಿ ಸುಮಾರು 50 ಕೋಟಿ ಎಕರೆ, ದೇಶದ ನೆಲದಲ್ಲಿ ಐದನೇ ಒಂದು ಭಾಗ. ಈ ನೆಲವನ್ನು ಬರ್ಗಮ್ ‘ಅಮೆರಿಕದ ಬ್ಯಾಲೆನ್ಸ್ ಶೀಟ್’ ಅಂತ ಕರೆಯುತ್ತಾರೆ. ಸಾಲದ ಕಡೆ 36 ಲಕ್ಷ ಕೋಟಿ ಡಾಲರ್ ಇದೆ, ಆಸ್ತಿಯ ಕಡೆ ಏನಿದೆ ಅಂತ ಯಾರೂ ಲೆಕ್ಕ ಹಾಕಿಲ್ಲ ಅನ್ನುವುದು 2025ರಲ್ಲಿ ಅವರು ಮುಂದಿಟ್ಟ ವಾದ. ಗ್ರೇಟ್ ಪ್ಲೇನ್ಸ್‌ನ ಹಳೇ ಗಿರಾಕಿಗೆ ಈ ಭಾಷೆ ತಟ್ಟನೆ ಅರ್ಥವಾಗುತ್ತದೆ. ಕಾಡುಕೋಣದ ಹಿಂಡನ್ನೋ, ಒಂದು ಬುಡಕಟ್ಟಿನ ಹಿರಿಯರ ಸಮಾಧಿಯನ್ನೋ ಯಾವ ಕಾಲಮ್ಮಿನಲ್ಲಿ ಬರೆಯಬೇಕು ಅಂತ ಮಾತ್ರ ಯಾವ ಅಕೌಂಟೆಂಟೂ ಹೇಳಲಾರ.

ನಾರ್ತ್ ಡಕೋಟಾದಲ್ಲಿ ತಯಾರಾಗುವ ವಿದ್ಯುತ್ತಿನಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಗಾಳಿಯಿಂದ ಬರುತ್ತದೆ. ಎಣ್ಣೆ, ಕಲ್ಲಿದ್ದಲು, ಗಾಳಿ ಎಲ್ಲವೂ ನಮಗೆ ಬೇಕು ಅಂತ ಗವರ್ನರ್ ಬರ್ಗಮ್ ಹೋದಲ್ಲೆಲ್ಲ ಹೇಳುತ್ತಿದ್ದರು. ಟ್ರಂಪ್‌ಗೆ ಗಾಳಿಯಂತ್ರ ಕಂಡರೆ ಆಗದು ಅನ್ನುವುದು ಜಗತ್ತಿಗೇ ಗೊತ್ತು. 2025ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಕಡಲಲ್ಲಿ ಕಟ್ಟುತ್ತಿದ್ದ ಎಂಪೈರ್ ವಿಂಡ್ ಯೋಜನೆ ನಿಲ್ಲಿಸಿ ಅಂತ ಬರ್ಗಮ್ ಇಲಾಖೆ ಆದೇಶ ಹೊರಡಿಸಿತು, ಮುಂದಿನ ತಿಂಗಳು ಹಿಂದಕ್ಕೆ ತೆಗೆದುಕೊಂಡಿತು. ಜುಲೈನಲ್ಲಿ ಇನ್ನೊಂದು ಸುತ್ತೋಲೆ ಬಂತು. ಇಲಾಖೆಯ ಕೈಯಲ್ಲಿರುವ ಸೌರ, ಗಾಳಿ ಯೋಜನೆಗಳ ಚಿಕ್ಕಪುಟ್ಟ ಅನುಮತಿಯ ಕಡತವೂ ಇನ್ನು ಮುಂದೆ ಕಾರ್ಯದರ್ಶಿಯ ಕಚೇರಿಗೇ ಬಂದು ಒಪ್ಪಿಗೆ ಪಡೆಯಬೇಕು. ಸರ್ಕಾರಿ ಕೆಲಸದಲ್ಲಿ ಕಡತ ಮೇಜಿಂದ ಮೇಜಿಗೆ ಅಲೆಯುವುದನ್ನು ನಿಲ್ಲಿಸುತ್ತೇನೆ ಅಂತ ರಾಜಕೀಯಕ್ಕೆ ಬಂದವರ ಮೇಜಿನ ಮೇಲೆ ಈಗ ಆ ಕಡತಗಳು ಬಂದು ಕೂರುತ್ತಿವೆ.